ಬಳೆ ಒಡೆದಿರಲಿಲ್ಲ ಎಂದರೆ ಒಪ್ಪಿದ್ದಳು ಎಂದಲ್ಲ

(ಕೊಪ್ಪಳದಲ್ಲಿ ಮಹಿಳಾ ದಿನಾಚರಣೆಯಂದು ವಕೀಲರೊಬ್ಬರು ನೀಡಿದ ಉಪನ್ಯಾಸ)

ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಕುಷ್ಟಗಿ, ಯಲಬುರ್ಗಾ, ಗಂಗಾವತಿಯಿಂದ ಬೆಳಗಿನ ಬಸ್ಸಿಗೇ ಬಂದಿರುವ ಅಕ್ಕ-ತಂಗಿಯರೇ,

ಅತ್ಯಾಚಾರದ ವಿಚಾರಣೆ ಬಾಗಿಲು ಹಾಕಿಕೊಂಡು ನಡೆಯುತ್ತದೆ. ಒಳಗೆ ಕೂತವರಿಗೆ ಗೊತ್ತು, ಎದುರು ವಕೀಲರ ಪಾಟೀ ಸವಾಲಿನಲ್ಲಿ ಎಂಥ ಪ್ರಶ್ನೆ ಬರುತ್ತವೆಂದು. 'ಬಳೆ ಒಡೆದಿದ್ದವೇನಮ್ಮಾ?' ಆಕೆ ಮುಂಗೈ ನೋಡಿಕೊಳ್ಳುತ್ತಾಳೆ, ಇಲ್ಲ ಅಂತಾಳೆ. 'ಕೂಗಿಕೊಂಡೆಯಾ?' ಅದಕ್ಕೂ ಇಲ್ಲ. ಇಷ್ಟು ಸಾಕು, ಊರ ಕಟ್ಟೆಯ ಮೇಲೆ ತೀರ್ಪು ಆಗಿಬಿಡುತ್ತದೆ: ಅವಳಿಗೂ ಮನಸಿತ್ತು ಬಿಡ್ರಿ. ನನ್ನ ಜಗಳ ಇರುವುದೇ ಆ ಮಾತಿನ ಜೊತೆ.

ಮಥುರಾ ಪ್ರಕರಣ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಆದರೂ ಹೇಳುತ್ತೇನೆ, ಕಾನೂನು ಓದುವ ಮಕ್ಕಳು ಹಿಂದೆ ಕೂತಿದ್ದಾರೆ. 1972, ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆ. ಮಥುರಾ ಎಂಬ ಆದಿವಾಸಿ ಹುಡುಗಿ, ಕೂಲಿ ಮಾಡುವವಳು. ಅಣ್ಣ ಕೊಟ್ಟ ದೂರಿನ ಮೇಲೆ ಹೇಳಿಕೆಗೆಂದು ರಾತ್ರಿ ಕರೆಸಿದ್ದರು. ಮನೆಯವರನ್ನು ಹೊರಗೆ ಕಳಿಸಿ ಅವಳನ್ನು ಒಳಗೇ ಉಳಿಸಿಕೊಂಡರು. ದೀಪ ಆರಿಸಿದರು, ಬಾಗಿಲು ಹಾಕಿದರು. ಸಮವಸ್ತ್ರ ತೊಟ್ಟ ಇಬ್ಬರು, ಅವಳೊಬ್ಬಳು. ಸೆಷನ್ಸ್ ಕೋರ್ಟು ಪೊಲೀಸರನ್ನು ಬಿಟ್ಟಿತು, ಹೈಕೋರ್ಟು ಶಿಕ್ಷಿಸಿತು, 1978ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಮುಖ್ಯ ಕಾರಣ, ಮೈಮೇಲೆ ಗಾಯದ ಗುರುತಿರಲಿಲ್ಲ! ಠಾಣೆಯೊಳಗೆ ಹುಡುಗಿ ಯಾರನ್ನು ಕೂಗಬೇಕಿತ್ತು, ಹೇಳ್ರಿ? ಪೊಲೀಸರನ್ನೇ? ಮರುವರ್ಷ ಕಾನೂನು ಪ್ರಾಧ್ಯಾಪಕರಾದ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್ವಾರ್, ರಘುನಾಥ ಕೇಳ್ಕರ್ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಹೆದರಿ ಸುಮ್ಮನಾಗುವುದು ಬೇರೆ, ಒಪ್ಪುವುದು ಬೇರೆ ಎಂದು ಹೇಳಿಯೇ ಬಿಟ್ಟರು. ಹೆಂಗಸರು ಬೀದಿಗಿಳಿದರು. ಅತ್ಯಾಚಾರದ ಕಾನೂನಿಗೆ 1983ರ ತಿದ್ದುಪಡಿ ಬಂದದ್ದು ಆ ಬೆಂಕಿಯಿಂದ.

2013ರಲ್ಲಿ, ದಿಲ್ಲಿಯ ನಿರ್ಭಯಾ ಪ್ರಕರಣ ಮತ್ತು ಅದರ ಮೇಲೆ ಕೂತ ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯ ನಂತರ, ಕಾನೂನು ಇನ್ನೂ ಬಿಚ್ಚಿ ಹೇಳಿತು. ಮಾತಿನಿಂದಲೋ ಸನ್ನೆಯಿಂದಲೋ, ಸ್ವಇಚ್ಛೆಯಿಂದ, ಅನುಮಾನಕ್ಕೆ ಎಡೆಯಿಲ್ಲದಂತೆ ಹೆಣ್ಣು ತೋರಿದ ಒಪ್ಪಿಗೆಯೇ ಒಪ್ಪಿಗೆ. ಮೈಯಿಂದ ಪ್ರತಿರೋಧಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದ್ದಳೆಂದು ತಿಳಿಯುವಂತಿಲ್ಲ. ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂನಲ್ಲೂ ಅದೇ ಇದೆ. ಕಾನೂನು ಬಳೆ ಎಣಿಸುವುದನ್ನು ಬಿಟ್ಟಿತು, ನಾವು ಬಿಟ್ಟಿಲ್ಲ.

ಮುಂದಿನ ಸಾಲಿನ ಯಜಮಾನರು ಕೈ ಎತ್ತಿದ್ದಾರೆ. ಹಾಗಾದರೆ ಗಂಡಸು ಪ್ರತಿ ಸಲ ಕೇಳಬೇಕೇನ್ರಿ ಅಂತ. ಹೌದ್ರಿ, ಕೇಳಬೇಕು. (ನಗು) ನೀವು ನಕ್ಕಿರಿ, ನನಗೆ ಸಂತೋಷ. ಇಷ್ಟು ದಿನ ಈ ಮಾತಿಗೆ ಸಭೆಯಲ್ಲಿ ಗಂಡಸರು ಎದ್ದು ಹೋಗುತ್ತಿದ್ದರು.

ಮದುವೆಯಾದರೆ? ಅಲ್ಲೇ ಗಂಟಿರುವುದು. ಹೆಂಡತಿ ಹದಿನೆಂಟು ದಾಟಿದ್ದರೆ ಗಂಡ ಮಾಡಿದ್ದು ಅತ್ಯಾಚಾರವಲ್ಲ ಎಂಬ ವಿನಾಯಿತಿ ಹೊಸ ಸಂಹಿತೆಯಲ್ಲೂ ಉಳಿದಿದೆ. 2022ರ ಮಾರ್ಚಿನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ನಾಗಪ್ರಸನ್ನ ಅವರು, ಗಂಡನೇ ಮಾಡಿದರೂ ಅತ್ಯಾಚಾರ ಅತ್ಯಾಚಾರವೇ ಎಂದರು. ಅದೇ ವರ್ಷ ಮೇ ತಿಂಗಳಲ್ಲಿ ಈ ವಿನಾಯಿತಿ ಇರಬೇಕೋ ಬೇಡವೋ ಎಂಬುದರಲ್ಲಿ ದಿಲ್ಲಿ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ಮನೆ ಒಡೆಯುತ್ತದೆ, ಸುಳ್ಳು ಕೇಸು ಹಾಕುತ್ತಾರೆ ಎನ್ನುವವರಿದ್ದಾರೆ. ಸುಳ್ಳು ಕೇಸು ಹಿಡಿಯಲು ಸಾಕ್ಷ್ಯ ಇದೆ, ಕೋರ್ಟಿದೆ. ಅದಕ್ಕೆ ಹೆದರಿ ಕೋಟಿಗಟ್ಟಲೆ ಹೆಂಗಸರ 'ಬೇಡ'ವನ್ನೇ ಅಳಿಸಿಹಾಕುವುದು ಯಾವ ನ್ಯಾಯ?

ಇನ್ನು ನಮ್ಮ ನೆಲದ ಮಾತು. ಮುತ್ತು ಕಟ್ಟಿಸಿಕೊಂಡು ದೇವದಾಸಿಯಾದವಳು ಬೇಡ ಅನ್ನುವಂತಿಲ್ಲ ಎಂದು ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆ ಎಷ್ಟು ತಲೆಮಾರು ನಂಬಿತು! ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಆ ತಾಯಂದಿರು ಬಳೆ ಒಡೆದುಕೊಳ್ಳಲಿಲ್ಲ, ಕೂಗಲಿಲ್ಲ. ಒಪ್ಪಿದ್ದರೇನು?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಮದುವೆಯ ಸುಳ್ಳು ಭರವಸೆ, 69ನೇ ಕಲಂ, ಅದಕ್ಕೆ ಇನ್ನೊಂದು ದಿನವೇ ಬೇಕು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಬಗ್ಗೆ ಮಧ್ಯಾಹ್ನದ ಗೋಷ್ಠಿಯವರು ಹೇಳುತ್ತಾರೆ. ಎರಡು ಸಂಗತಿ ಬರಕೊಳ್ಳಿ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ನಮ್ಮ ವ್ಯಾಪ್ತಿಯದಲ್ಲ ಎನ್ನುವಂತಿಲ್ಲ. ಆಸ್ಪತ್ರೆ ಸರ್ಕಾರಿ ಇರಲಿ, ಖಾಸಗಿ ಇರಲಿ, ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಮಹಿಳಾ ಸಹಾಯವಾಣಿ 181. ಮೈಕನ್ನು ಹಿಂದಿನ ಸಾಲಿಗೆ ಕೊಡಿ, ಆ ಹುಡುಗಿ ಆಗಿನಿಂದ ಏನೋ ಕೇಳಬೇಕೆಂದು ಕಾಯುತ್ತಿದ್ದಾಳೆ.