ಕಲ್ಲಿನಂತೆ ಕಾಣುವ ಮರದ ಮನೆ

ಈ ಗೋಡೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ದೊಡ್ಡ ದೊಡ್ಡ ಕಲ್ಲು ಜೋಡಿಸಿ ಕಟ್ಟಿದ ಹಾಗಿದೆ ಅಲ್ವಾ? ಕಲ್ಲಲ್ಲ, ಮರ. ಕಲ್ಲಿನ ಸಂದು ಕಾಣಲಿ ಅಂತ ಹಲಗೆಯಲ್ಲೇ ಗೀರು ಕೊರೆದಿದ್ದಾರೆ. ಶೋಕಿ ಅಂದರೆ ಇದು!

ನಾವಿರುವುದು ಅಮೆರಿಕದಲ್ಲಿ, ಬಾಸ್ಟನ್ ಪಕ್ಕದ ಮೆಡ್‌ಫರ್ಡ್‌ನಲ್ಲಿ. ಐಸಾಕ್ ರಾಯಲ್ ಎಂಬ ವ್ಯಾಪಾರಿಯ ಮನೆ ಇದು. ಕೆರಿಬಿಯನ್‌ನ ಆಂಟಿಗುವಾ ದ್ವೀಪದಲ್ಲಿ ಅವನಿಗೆ ಕಬ್ಬಿನ ತೋಟವಿತ್ತು. ಜೊತೆಗೆ ರಮ್ ವ್ಯಾಪಾರ, ಗುಲಾಮರ ವ್ಯಾಪಾರ. 1732ರಲ್ಲಿ ಈ ಜಮೀನು ಕೊಂಡ, ಇದ್ದ ಹಳೆಯ ಮನೆಯನ್ನೇ ಬೆಳೆಸಿದ, 1737ರಲ್ಲಿ ಸಂಸಾರ ಸಮೇತ ಬಂದು ನೆಲೆಸಿದ. ಅವನ ಮಗ, ಅವನ ಹೆಸರೂ ಐಸಾಕ್, ಇನ್ನಷ್ಟು ದೊಡ್ಡದು ಮಾಡಿದ.

ಬ್ರಿಟನ್ನಿನ ಜಾರ್ಜ್ ದೊರೆಗಳ ಕಾಲದ ಶೈಲಿ ಇದು, ಜಾರ್ಜಿಯನ್ ಅನ್ನುತ್ತಾರೆ. ನಟ್ಟನಡುವೆ ಬಾಗಿಲು, ಈ ಕಡೆ ಎಷ್ಟು ಕಿಟಕಿಯೋ ಆ ಕಡೆಯೂ ಅಷ್ಟೇ. ಮೂರು ಅಂತಸ್ತು.

ಈಗ ಕ್ಯಾಮೆರಾ ಪಕ್ಕಕ್ಕೆ ತಿರುಗಿಸುತ್ತೇನೆ. ಆ ಸಾದಾ ಕಟ್ಟಡದಲ್ಲಿ ಈ ಮನೆಯ ಗುಲಾಮರು ಇದ್ದರು. ಅಮೆರಿಕದ ಉತ್ತರ ಭಾಗದಲ್ಲಿ ಇಂಥ ಪ್ರತ್ಯೇಕ ಕಟ್ಟಡ ಉಳಿದಿರುವುದು ಇದೊಂದೇ. ಗುಲಾಮಗಿರಿ ಬರೀ ದಕ್ಷಿಣದ ಕಥೆ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಆದರೆ ಉತ್ತರದ ಈ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅತಿ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದ ಮನೆತನ ಇದೇ.

1775ರಲ್ಲಿ ಬ್ರಿಟಿಷರ ವಿರುದ್ಧ ಯುದ್ಧ ಶುರುವಾಗುವ ಹೊತ್ತಿಗೆ ಮಗ ಊರು ಬಿಟ್ಟ. ಮುಂದೆ ಇಂಗ್ಲೆಂಡಿನಲ್ಲೇ ತೀರಿಕೊಂಡ. ಉಯಿಲಿನಲ್ಲಿ ಹಾರ್ವರ್ಡ್‌ಗೆ ಜಮೀನು ಬರೆದಿಟ್ಟಿದ್ದ. ಅಲ್ಲಿನ ಮೊದಲ ಕಾನೂನು ಪ್ರೊಫೆಸರ್ ಹುದ್ದೆ ಹುಟ್ಟಿದ್ದು ಆ ದುಡ್ಡಿನಿಂದ. ರಾಯಲ್ ಮನೆತನದ ಗುರುತಾದ ಮೂರು ಗೋಧಿ ಕಟ್ಟುಗಳು ಹಾರ್ವರ್ಡ್ ಲಾ ಸ್ಕೂಲಿನ ಲಾಂಛನದಲ್ಲಿದ್ದವು. ವಿದ್ಯಾರ್ಥಿಗಳು ಹೋರಾಡಿದ ಮೇಲೆ, 2016ರಲ್ಲಿ, ಅದನ್ನು ಕೈಬಿಟ್ಟರು.

ನನಗೆ ಈ ಮನೆಯಲ್ಲಿ ಎಲ್ಲರಿಗಿಂತ ಮುಖ್ಯ ಅನಿಸುವವರು ಬೆಲಿಂಡಾ. ಆಫ್ರಿಕಾದಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿನಲ್ಲೇ ಹಿಡಿದು ತಂದು ಮಾರಿದ್ದರು. ಈ ರಾಯಲ್ ಮನೆತನಕ್ಕೆ ಬದುಕಿಡೀ ದುಡಿದರು. 1783ರಲ್ಲಿ, ಮುದಿ ವಯಸ್ಸಿನಲ್ಲಿ, ರಾಜ್ಯದ ಶಾಸನಸಭೆಗೆ ಅರ್ಜಿ ಕೊಟ್ಟರು. ಈ ಆಸ್ತಿಯಲ್ಲಿ ನನ್ನ ದುಡಿಮೆಯೂ ಇದೆ, ನನಗೂ ಕಾಯಿಲೆಯ ಮಗಳಿಗೂ ಬದುಕಲು ಏನಾದರೂ ಕೊಡಿ ಅಂತ. ಸಹಿಯ ಜಾಗದಲ್ಲಿ ಬರೀ ಒಂದು ಗುರುತು.

ವರ್ಷಕ್ಕೆ 15 ಪೌಂಡ್ 12 ಶಿಲಿಂಗ್, ರಾಯಲ್ ಆಸ್ತಿಯಿಂದಲೇ, ಅಂತ ಮಂಜೂರಾಯಿತು. ಆದರೆ ದುಡ್ಡು ಸರಿಯಾಗಿ ಬರಲಿಲ್ಲ. ಮತ್ತೆ ಅರ್ಜಿ, ಮತ್ತೆ ಅರ್ಜಿ. 1793ರಲ್ಲೂ ಬೆಲಿಂಡಾ ಕೇಳುತ್ತಲೇ ಇದ್ದರು.