ಸಣ್ಣ ಸಂಘಗಳಿಗೆ ಎಂಥ ಅನುದಾನ ಬೇಕು?

ಎಲ್ಲರಿಗೂ ನಮಸ್ಕಾರ.

ಯುವಕ ಮಂಡಲ, ಮಹಿಳಾ ಮಂಡಳಿ, ಕೆರೆ ಸಮಿತಿ, ನಾಟಕ ತಂಡ, ಊರಿನ ಪುಟ್ಟ ಗ್ರಂಥಾಲಯ ನಡೆಸುವವರು, ಎಲ್ಲರೂ ಬಂದಿದ್ದೀರಿ. ದುಡ್ಡು ಎಲ್ಲಿ ಸಿಗುತ್ತೆ ಅನ್ನುವುದೇ ಎಲ್ಲರ ಪ್ರಶ್ನೆ. ಅದಕ್ಕೆ ಬರುತ್ತೇನೆ. ಮೊದಲು, ಎಂಥ ದುಡ್ಡು ಒಂದು ಸಂಘವನ್ನು ಗಟ್ಟಿ ಮಾಡುತ್ತದೆ ಅನ್ನುವುದನ್ನು ಮಾತಾಡೋಣ. ಇದಕ್ಕೆ ನಮ್ಮ ಕೋಲಾರದ ಕಡೆಯದೇ ಒಂದು ಕಥೆ ಇದೆ.

1984-85ರ ಹೊತ್ತು. ಮೈರಾಡ ಅನ್ನುವ ಸ್ವಯಂಸೇವಾ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆಯುತ್ತಿದ್ದವು. ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ಸಾಲ ತೀರಿಸಲು ನಾವು ತಯಾರಿದ್ದೇವೆ, ಆದರೆ ಆ ಸೊಸೈಟಿಗೆ ಮಾತ್ರ ಕಟ್ಟಲ್ಲ ಅಂತ ಕೆಲವರು ಸಂಸ್ಥೆಯ ಮುಂದೆ ಹೇಳಿದರು. ಹಾಗಾದರೆ ನಿಮ್ಮ ನಿಮ್ಮಲ್ಲೇ ಕಟ್ಟಿಕೊಳ್ಳಿ ಅಂತ ಸಂಸ್ಥೆ ಒಪ್ಪಿತು. ಒಬ್ಬರನ್ನೊಬ್ಬರು ಬಲ್ಲ ಹದಿನೈದು ಇಪ್ಪತ್ತು ಜನ ಒಟ್ಟಿಗೆ ಕೂತರು, ಉಳಿತಾಯ ಶುರು ಮಾಡಿದರು. ನಾವು ಇವತ್ತು ಸ್ವಸಹಾಯ ಸಂಘ ಅನ್ನುತ್ತೇವಲ್ಲ, ಅದರ ಒಂದು ಮುಖ್ಯ ಬೇರು ಅಲ್ಲಿದೆ.

1987ರಲ್ಲಿ ನಬಾರ್ಡ್, ಅಂದರೆ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕು, ಈ ಸಂಘಗಳಿಗಾಗಿ ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಆ ಹಣ ಹೇಗೆ ಬಳಕೆಯಾಯಿತು ಅನ್ನುವುದನ್ನು ಗಮನಿಸಿ. ಜನರ ಸ್ವಂತ ಉಳಿತಾಯದ ಜೊತೆಗೆ ಇದು ಸೇರಿತು. ಯಾರಿಗೆ ಸಾಲ, ಯಾತಕ್ಕೆ ಸಾಲ, ಬಡ್ಡಿ ಎಷ್ಟು ಎಂಬುದು ಸಂಘದ ಸಭೆಯಲ್ಲೇ ತೀರ್ಮಾನ. ಮೇಕೆ ತರಲೂಬಹುದು, ಆಸ್ಪತ್ರೆಗೂ ಕೊಡಬಹುದು. ಸಭೆ ನಡೆಸುವುದು, ಲೆಕ್ಕ ಬರೆಯುವುದು ಹೇಗೆ ಅಂತ ತರಬೇತಿಯೂ ಇತ್ತು. 1992ರಲ್ಲಿ ನಬಾರ್ಡ್ ದೇಶದಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. 1993ರಲ್ಲಿ ರಿಸರ್ವ್ ಬ್ಯಾಂಕ್, ನೋಂದಣಿ ಇಲ್ಲದ ಸಂಘವೂ ಉಳಿತಾಯ ಖಾತೆ ತೆರೆಯಬಹುದು ಅಂತ ಒಪ್ಪಿತು. ಅಡ ಇಡಲು ಆಸ್ತಿ ಇಲ್ಲದ ಹೆಂಗಸರನ್ನು ಬ್ಯಾಂಕು ನಂಬಿದ್ದು ಅವರ ಸಭೆಯ ಪುಸ್ತಕ ಮತ್ತು ಲೆಕ್ಕದ ಪುಸ್ತಕ ನೋಡಿ. ನನಗೆ ಇದು ಈಗಲೂ ತುಂಬಾ ದೊಡ್ಡ ಸಂಗತಿ ಅನ್ನಿಸುತ್ತದೆ.

ಈಗ ನಮಗೆ ಸಿಗುವ ಅನುದಾನ ಹೇಗಿರುತ್ತದೆ? ಜಾಸ್ತಿ ಎಲ್ಲವೂ ಒಂದು ಕಾರ್ಯಕ್ರಮಕ್ಕೆ. ಶಾಮಿಯಾನ, ಬ್ಯಾನರ್, ಊಟ, ಫೋಟೊ. ಆಮೇಲೆ ಹಣ ಬಳಕೆ ಪ್ರಮಾಣಪತ್ರ. ಆಡಿಟರ್ ಫೀಸು, ಕೋಣೆಯ ಬಾಡಿಗೆ, ಲೆಕ್ಕ ಬರೆಯುವ ಹುಡುಗಿಗೆ ಒಂದಿಷ್ಟು ಗೌರವಧನ, ಇವಕ್ಕೆ ಯಾರೂ ಕೊಡುವುದಿಲ್ಲ. ಆದರೆ ಲೆಕ್ಕ ಮಾತ್ರ ಎಲ್ಲರಿಗೂ ಅಚ್ಚುಕಟ್ಟಾಗಿ ಬೇಕು! ಇದು ಅನ್ಯಾಯ. ಇದನ್ನು ನಾವು ಬಾಯಿಬಿಟ್ಟು ಹೇಳಬೇಕು. ಅರ್ಜಿಯ ಅಂದಾಜು ಪಟ್ಟಿಯಲ್ಲಿ ಈ ಖರ್ಚುಗಳನ್ನು ಮುಚ್ಚಿಡದೆ ಬರೆಯಿರಿ.

ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣಕ್ಕೆ ಸಿಎಸ್‌ಆರ್ ಅನ್ನುತ್ತಾರೆ. ಅದಕ್ಕಾಗಿ ಕಂಪನಿಗಳ ಹತ್ತಿರ ಹೋದಾಗ ಒಂದು ಮಾತು ಕೇಳಿಬರುತ್ತದೆ: ಆಡಳಿತ ವೆಚ್ಚ ಶೇಕಡ 5 ಮೀರಬಾರದು, ಕಾನೂನಿದೆ. ಕಾನೂನು ಇರುವುದು ನಿಜ. ಆದರೆ ಆ ಮಿತಿ ಇರುವುದು ಕಂಪನಿಗೆ. ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಕಂಪನಿ ಮಾಡುವ ಖರ್ಚಿಗೆ ಅದು ಅನ್ವಯಿಸುತ್ತದೆ. ಕೆಲಸ ಮಾಡುವ ಸಂಸ್ಥೆಯ ಖರ್ಚು ಇದರಲ್ಲಿ ಬರುವುದಿಲ್ಲ ಅಂತ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವೇ 2021ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಆ ಸುತ್ತೋಲೆಯ ಪ್ರತಿ ಜೊತೆಗಿಟ್ಟುಕೊಂಡೇ ಹೋಗಿ.

ಇನ್ನು ಕಾಗದಪತ್ರ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಅದಾದ ಮೇಲೆ ಪ್ರತಿ ವರ್ಷ ಸರ್ವಸದಸ್ಯರ ಸಭೆ ಮಾಡಿ, ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ನಮ್ಮ ಎಷ್ಟೋ ಸಂಘಗಳು ಎಡವುವುದು ಇಲ್ಲೇ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಅರ್ಜಿ ಹಾಕುವಾಗಲೂ ಆಡಿಟ್ ಆದ ಲೆಕ್ಕ ಬೇಕು. ಸಿಎಸ್‌ಆರ್ ಹಣಕ್ಕಾದರೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ, ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯಕ್ಕೆ ಸಿಎಸ್‌ಆರ್-1 ನಮೂನೆ ಸಲ್ಲಿಸಿ ಪಡೆದ ನೋಂದಣಿ ಸಂಖ್ಯೆ, ಅಂಥದೇ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಬೇಕು.

ಸಣ್ಣ ಸಂಘಕ್ಕೆ ಇದು ಎತ್ತರದ ಗೋಡೆ, ಅಲ್ವಾ? ಹತ್ತು ಮನೆಯ ಓಣಿಯಲ್ಲಿ ಮಕ್ಕಳಿಗೆ ಪಾಠ ಹೇಳುವವರಿಗೂ, ನೂರು ಜನ ಸಿಬ್ಬಂದಿ ಇರುವ ಸಂಸ್ಥೆಗೂ ಒಂದೇ ಅಳತೆ. ಅದಕ್ಕೆ ನನ್ನ ಸಲಹೆ ಇದು. ಎಲ್ಲರೂ ಎಲ್ಲ ನೋಂದಣಿಗೆ ಓಡಬೇಡಿ. ನಿಮ್ಮ ತಾಲ್ಲೂಕಿನಲ್ಲಿ ಈ ಎಲ್ಲ ನೋಂದಣಿ ಇರುವ, ಲೆಕ್ಕ ಚೊಕ್ಕಟವಾಗಿರುವ ಸಂಸ್ಥೆಯೊಂದರ ಜೊತೆ ಕೈಜೋಡಿಸಿ. ಅರ್ಜಿ ಅವರ ಹೆಸರಲ್ಲಿ ಹೋಗಲಿ, ಕೆಲಸ ನೀವು ಮಾಡಿ. ಯಾರ ಜವಾಬ್ದಾರಿ ಏನು, ತೀರ್ಮಾನ ಯಾರದು ಅನ್ನುವುದನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ. ಬಾಯಿಮಾತು ಬೇಡ. ಕಂಪನಿಗೆ ಅನುಮಾನ ಬಾರದಂತೆ, ನಿಮ್ಮ ಸಂಘದ ಹೆಸರೂ ಅರ್ಜಿಯಲ್ಲಿರಲಿ.

ನಿಮ್ಮ ಸುತ್ತಮುತ್ತ ಕಾರ್ಖಾನೆ, ಕ್ವಾರಿ, ಸೋಲಾರ್ ಪಾರ್ಕ್ ಇದ್ದರೆ ಅಲ್ಲಿಂದಲೇ ಶುರು ಮಾಡಿ. ಕಂಪನಿ ಕಾಯ್ದೆ, 2013ರ ಕಲಂ 135 ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಿ ಅಂತಲೇ ಹೇಳುತ್ತದೆ. ಕಂಪನಿಯ ಸಿಎಸ್‌ಆರ್ ಸಮಿತಿ ಪ್ರತಿ ವರ್ಷ ಒಂದು ಕಾರ್ಯಯೋಜನೆ ಮಾಡುತ್ತದೆ. ಅದು ಸಿದ್ಧವಾಗುವ ಮೊದಲೇ ಅವರನ್ನು ಕಾಣಿ. ವರ್ಷದ ಕೊನೆಯಲ್ಲಿ ಹೋದರೆ ಸಿಗುವುದು ಒಂದು ದಿನದ ಕಾರ್ಯಕ್ರಮದ ದುಡ್ಡಷ್ಟೇ.