ಅರ್ಧಕ್ಕೆ ನಿಂತ ಹಾಡಿನ ಹೆಸರು

ಕಳೆದ ತಿಂಗಳು ಹಳೆಯ ಹಾರ್ಡ್ ಡಿಸ್ಕ್ ಒಂದನ್ನು ತೆರೆದು ನೋಡಿದೆ. ನಾನು ಆರಂಭಿಸಿ ಕೈಬಿಟ್ಟಿದ್ದ ಇನ್ನೂರಕ್ಕೂ ಹೆಚ್ಚು ಟ್ರ್ಯಾಕ್‌ಗಳು ಅದರಲ್ಲಿದ್ದವು. 'ಹೊಸದು', 'ಹೊಸದು 2', 'ಬೀಟ್ ಟೆಸ್ಟ್', 'ಫೈನಲ್', 'ಫೈನಲ್ 3' ಎಂಬಂಥ ಹೆಸರುಗಳು; ಯಾವುದರೊಳಗೆ ಏನಿದೆ ಎಂದು ತೆರೆಯದೆ ಹೇಳುವಂತಿರಲಿಲ್ಲ. ತೆರೆಯಬೇಕೆಂದರೆ ಪ್ರತಿ ಸಲವೂ ವಾದ್ಯದ ಸದ್ದು, ಧ್ವನಿಯ ಪರಿಣಾಮಗಳನ್ನು ಕೊಡುವ ಪ್ಲಗಿನ್‌ಗಳೆಲ್ಲ ಲೋಡ್ ಆಗುವವರೆಗೆ ಕಾಯಬೇಕು. ಹಾಗೆ ಹತ್ತು ಹನ್ನೆರಡು ಫೈಲುಗಳನ್ನು ದಾಟಿದ ಮೇಲೆ ಎಂಟು ಬಾರ್‌ಗಳ, ಅಂದರೆ ನಾಲ್ಕು ಬಡಿತಗಳ ಎಂಟು ಆವರ್ತಗಳ, ಒಂದು ಬೇಸ್ ಲೈನ್ (ತಗ್ಗಿನ ಸ್ವರಗಳ ಸಾಲು) ಕೇಳಿಸಿತು. ಅದು ಮೂರನೆಯ ಬಾರ್‌ನಲ್ಲಿ ಒಂದು ಕ್ಷಣ ತಡೆದು, ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ಬಿದ್ದ ಮೇಲೆ ಇಳಿಯುತ್ತಿತ್ತು. ಆ ವರ್ಷಗಳಲ್ಲಿ ನಾನು ಮುಗಿಸಿದ ಎಷ್ಟೋ ಹಾಡುಗಳಿಗಿಂತ ಅದು ಚೆನ್ನಾಗಿತ್ತು, ಆದರೆ ಅದನ್ನು ನುಡಿಸಿದ ನೆನಪೇ ನನಗಿರಲಿಲ್ಲ. ಫೈಲಿನ ಹೆಸರು 'ಹೊಸದು 7'.

ಟ್ರ್ಯಾಕಿಗೆ ಹೆಸರಿಡುವುದನ್ನು ನಾವು ಸಂಗೀತದ ಕೆಲಸ ಮುಗಿದ ಮೇಲೆ ಉಳಿಯುವ ಗುಮಾಸ್ತಿಕೆ ಎಂದು ಭಾವಿಸುತ್ತೇವೆ. ನನ್ನ ಅಭಿಪ್ರಾಯದಲ್ಲಿ ಅದು ಸಂಯೋಜನೆಯದೇ ಒಂದು ಭಾಗ, ಏಕೆಂದರೆ ಕೇಳಿದ್ದರಲ್ಲಿ ಮುಖ್ಯವಾದದ್ದು ಯಾವುದು ಎಂಬ ಮೊದಲ ತೀರ್ಮಾನವನ್ನು ನಾವು ಮಾಡುವುದು ಅಲ್ಲಿಯೇ.

ಟೇಪಿನ ಕಾಲದಲ್ಲಿ ಈ ತೀರ್ಮಾನವನ್ನು ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ಎರಡು ಇಂಚು ಅಗಲದ, 24 ಟ್ರ್ಯಾಕ್‌ಗಳ (ಇಲ್ಲಿ ಅಕ್ಕಪಕ್ಕದ ಧ್ವನಿ ಪಟ್ಟಿಗಳ) ಟೇಪು ಸೆಕೆಂಡಿಗೆ 30 ಇಂಚು ಓಡಿದರೆ, 2,500 ಅಡಿಯ ಸುರುಳಿಯಲ್ಲಿ ಹಿಡಿಯುತ್ತಿದ್ದದ್ದು ಹದಿನಾರೂವರೆ ನಿಮಿಷದಷ್ಟು ಧ್ವನಿ ಮಾತ್ರ. ಆದ್ದರಿಂದ ಯಾವ ಟೇಕ್ (ಒಂದು ಸಲದ ಮುದ್ರಣ) ಉಳಿಯಬೇಕು, ಯಾವುದರ ಮೇಲೆ ಮತ್ತೆ ಮುದ್ರಿಸಬಹುದು ಎಂದು ನಿರ್ಧರಿಸಲೇಬೇಕಿತ್ತು. ಹಾಡಿನ ಹೆಸರು, ದಿನಾಂಕ, ಟೇಕ್ ಸಂಖ್ಯೆ, ಟೇಪಿನ ವೇಗ ಎಲ್ಲವನ್ನೂ ಡಬ್ಬಿಯ ಮೇಲೆ ಬರೆಯಬೇಕಿತ್ತು. ಇಂದು 48 ಕಿಲೋಹರ್ಟ್ಸ್, 24 ಬಿಟ್‌ನ ಒಂದು ನಿಮಿಷದ ಸ್ಟೀರಿಯೊ ಧ್ವನಿಗೆ 17 ಎಂಬಿ ಸಾಕು. ಜಾಗದ ಚಿಂತೆ ಹೋಯಿತು, ಅದರ ಜೊತೆಗೆ ಬರೆದಿಡುವ ಒತ್ತಾಯವೂ ಹೋಯಿತು.

ಸಾಫ್ಟ್‌ವೇರ್ ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ. ಸಂಗೀತ ಸಂಯೋಜನೆಯ ಸಾಫ್ಟ್‌ವೇರ್‌ಗಳಾದ ಕ್ಯೂಬೇಸ್ ಮತ್ತು ಎಫ್‌ಎಲ್ ಸ್ಟುಡಿಯೊ ಪ್ರತಿ ಹೊಸ ಆವೃತ್ತಿಗೆ ತಾವೇ ಮುಂದಿನ ಸಂಖ್ಯೆಯನ್ನು ಸೇರಿಸಿ ಉಳಿಸಬಲ್ಲವು. ಆದರೆ ಸಂಖ್ಯೆ ಯಾವುದು ಮೊದಲು, ಯಾವುದು ನಂತರ ಎಂದಷ್ಟೇ ಹೇಳುತ್ತದೆ. ದಿನಾಂಕವನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಹೆಸರಿನ ಪ್ರಕಾರ ಜೋಡಿಸಿದಾಗ ಫೈಲುಗಳು ಕಾಲಕ್ರಮದಲ್ಲಿಯೇ ನಿಲ್ಲುತ್ತವೆ. ಅದರ ನಂತರ ಬಿಪಿಎಂ (ನಿಮಿಷಕ್ಕೆ ಎಷ್ಟು ಬಡಿತ ಎಂಬ ಸಂಖ್ಯೆ), ತಿಳಿದಿದ್ದರೆ ಶ್ರುತಿ. ಇಷ್ಟು ಹುಡುಕುವುದಕ್ಕೆ ಸಾಕು, ಆದರೆ ಸಂಗೀತವನ್ನು ಮತ್ತೆ ಕಿವಿಗೆ ತರಲು ಸಾಲದು.

ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1965ರಲ್ಲಿ ಮುದ್ರಿಸಿದ 'ಯೆಸ್ಟರ್ಡೇ' ಹಾಡಿಗೆ ಸಾಹಿತ್ಯ ಒದಗುವವರೆಗೆ ಇದ್ದ ಹೆಸರು 'ಸ್ಕ್ರ್ಯಾಂಬಲ್ಡ್ ಎಗ್ಸ್'. ಅರ್ಥದಲ್ಲಿ ಎರಡಕ್ಕೂ ಯಾವ ಸಂಬಂಧವೂ ಇಲ್ಲ, ಆದರೆ ಉಚ್ಚಾರದಲ್ಲಿ ಎರಡೂ ಮೂರು ತುಂಡುಗಳ ಪದಗಳು. ಹಾಗಾಗಿ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಹಾಡಿನ ಮೊದಲ ಮೂರು ಸ್ವರಗಳ ನಡೆ ತಾನಾಗಿಯೇ ಬರುತ್ತದೆ. ತಾತ್ಕಾಲಿಕ ಹೆಸರಿನಿಂದ ನಾನು ನಿರೀಕ್ಷಿಸುವುದು ಇದನ್ನೇ. ಮೊದಲ ಲೂಪ್ (ಮರಳಿ ಮರಳಿ ನುಡಿಯುವ ತುಣುಕು) ಸಿದ್ಧವಾದೊಡನೆ ಅದರ ಮೇಲೆ ಗುನುಗುತ್ತೇನೆ, ಬಾಯಿಗೆ ಬಂದ ಮಾತನ್ನೇ ಫೈಲಿಗೆ ಇಡುತ್ತೇನೆ. ರಾಗವಿಲ್ಲದ ಟ್ರ್ಯಾಕಾದರೆ ಕೇಳಿದ ಸದ್ದನ್ನು ಹೆಸರಿಸುತ್ತೇನೆ: 'ಒದ್ದೆ ಕಿಟಕಿ', 'ತಗಡಿನ ಮೇಲೆ ಬೆರಳು'. 'ದುಃಖ' ಎಂಬಂಥ ಹೆಸರುಗಳನ್ನು ಬಿಟ್ಟಿದ್ದೇನೆ, ಏಕೆಂದರೆ ಆ ದಿನದ ದುಃಖ ನನ್ನದಾಗಿತ್ತೇ ಹೊರತು ಟ್ರ್ಯಾಕಿನದ್ದಾಗಿರಲಿಲ್ಲ. ಮೆಚ್ಚಿನ ಕಲಾವಿದರ ಹೆಸರನ್ನು ಫೈಲಿಗೆ ಇಡುವುದು ಇನ್ನೂ ಕೆಟ್ಟದ್ದು. ತೆರೆದಾಗಲೆಲ್ಲ ಅದು ಅವರಂತೆ ಇಲ್ಲದಿರುವುದೇ ಕೇಳಿಸುತ್ತದೆ. ಎಷ್ಟು ಗುನುಗಿದರೂ ಯಾವ ಹೆಸರೂ ಹೊಳೆಯದಿದ್ದರೆ ಆ ಲೂಪಿಗೆ ಇನ್ನೂ ತನ್ನದೆನ್ನುವ ಗುಣ ಬಂದಿಲ್ಲ ಎಂದು ತಿಳಿಯುತ್ತೇನೆ.

ಹೆಸರಿಡಲು ನಿಂತರೆ ಕಲ್ಪನೆಯ ಓಟ ತಪ್ಪುತ್ತದೆ ಎನ್ನುವವರಿದ್ದಾರೆ. 92 ಬಿಪಿಎಂನಲ್ಲಿ ಹದಿನಾರು ಬಾರ್ ಕೇಳಲು ಸುಮಾರು 42 ಸೆಕೆಂಡು ಬೇಕು. ಅಷ್ಟು ಹೊತ್ತನ್ನು ಹೇಗೂ ನಾವು ಲೂಪನ್ನು ಕೇಳುತ್ತಲೇ ಕಳೆಯುತ್ತೇವೆ, ಹೆಸರು ಆ ಕೇಳುವಿಕೆಯಿಂದಲೇ ಬರಬೇಕು.

ಇನ್ನು ಫೋಲ್ಡರ್‌ಗಳ ವಿಷಯ. ಪ್ರಕಾರದಂತೆ ಅಥವಾ ವರ್ಷದಂತೆ ವಿಂಗಡಿಸುವುದು ಮುಗಿದ ಹಾಡುಗಳಿಗೆ ಸರಿ. ಮುಗಿಯದ್ದನ್ನು ಉಳಿದಿರುವ ಕೆಲಸದಂತೆ ವಿಂಗಡಿಸಬೇಕು ಎಂಬುದು ನನ್ನ ದೃಢವಾದ ನಂಬಿಕೆ. ನನ್ನಲ್ಲಿ ಈಗ 'ರಚನೆ ಬೇಕು', 'ಗಾಯನ ಬೇಕು', 'ಮಿಕ್ಸ್ ಬೇಕು' ಎಂಬ ಫೋಲ್ಡರ್‌ಗಳಿವೆ. ಕಿವಿ ದಣಿದ ಸಂಜೆ ಮಿಕ್ಸ್ ಮಾಡಲು, ಅಂದರೆ ಧ್ವನಿಗಳನ್ನು ಹದವಾಗಿ ಬೆರೆಸಲು, ಆಗದಿದ್ದರೂ ರಚನೆಯ ಕೆಲಸ ಸಾಗುತ್ತದೆ, ಎಲ್ಲಿ ಕೈಯಿಡಬೇಕೆಂದು ಯೋಚಿಸುತ್ತ ಕೂರಬೇಕಾಗುವುದಿಲ್ಲ.

ಫೋಲ್ಡರ್ ಎಂದರೆ ಟ್ರ್ಯಾಕಿಗೆ ಸೇರಿದ ಎಲ್ಲವೂ ಅದರೊಳಗೆ ಇರಬೇಕು. ಇದನ್ನು ನಾನು ಕಲಿತದ್ದು ನಷ್ಟದಿಂದ. ಗಾಯಕಿಯೊಬ್ಬರು ತಮ್ಮಲ್ಲೇ ಮುದ್ರಿಸಿ ಕಳುಹಿಸಿದ ಗಾಯನವನ್ನು ಡೌನ್‌ಲೋಡ್ ಫೋಲ್ಡರಿನಿಂದ ನೇರವಾಗಿ ಪ್ರಾಜೆಕ್ಟಿಗೆ ಎಳೆದು ಹಾಕಿ, ಕೆಲವು ವಾರಗಳ ನಂತರ ಆ ಫೋಲ್ಡರನ್ನು ಖಾಲಿ ಮಾಡಿದ್ದೆ. ಮುಂದೆ ಪ್ರಾಜೆಕ್ಟ್ ತೆರೆದಾಗ ಗಾಯನದ ಜಾಗದಲ್ಲಿ ಫೈಲ್ ಕಾಣೆಯಾಗಿದೆ ಎಂಬ ಸೂಚನೆಯಿತ್ತು. ಅವರ ಬಳಿಯೂ ಪ್ರತಿ ಉಳಿದಿರಲಿಲ್ಲ. ಇಂಥದೇ ಇನ್ನೊಂದು ಸಾಫ್ಟ್‌ವೇರ್ ಆದ ಏಬಲ್‌ಟನ್ ಲೈವ್‌ನಲ್ಲಿ, ಬಳಸಿದ ಫೈಲುಗಳನ್ನೆಲ್ಲ ಪ್ರಾಜೆಕ್ಟಿನೊಳಗೆ ಸೇರಿಸಿ ಉಳಿಸುವ 'ಕಲೆಕ್ಟ್ ಆಲ್ ಆ್ಯಂಡ್ ಸೇವ್' ಎಂಬ ಆಯ್ಕೆ ಇರುವುದು ಇಂಥ ಅನಾಹುತವನ್ನು ತಪ್ಪಿಸುವುದಕ್ಕಾಗಿಯೇ.

ಪ್ಲಗಿನ್‌ಗಳನ್ನೂ ಪೂರ್ತಿ ನಂಬುವಂತಿಲ್ಲ. 2019ರಲ್ಲಿ ಆಪಲ್ ಕಂಪ್ಯೂಟರುಗಳ ಮ್ಯಾಕ್‌ಒಎಸ್ ಕ್ಯಾಟಲಿನಾ ಹಳೆಯ 32 ಬಿಟ್‌ನ ಸಾಫ್ಟ್‌ವೇರ್‌ಗೆ ಬೆಂಬಲ ನಿಲ್ಲಿಸಿದಾಗ ಅನೇಕ ಹಳೆಯ ಪ್ಲಗಿನ್‌ಗಳು ಅದರಲ್ಲಿ ನಡೆಯದಾದವು. ಆದ್ದರಿಂದ ಪ್ರತಿ ದಿನದ ಕೆಲಸ ಮುಗಿಸುವಾಗ ಒಂದು ಸ್ಟೀರಿಯೊ ಬೌನ್ಸ್ (ಇಡೀ ಟ್ರ್ಯಾಕಿನ ಒಂದೇ ಧ್ವನಿ ಫೈಲ್) ತೆಗೆದು, ಪ್ರಾಜೆಕ್ಟಿನದೇ ಹೆಸರು ಕೊಟ್ಟು ಪಕ್ಕದಲ್ಲಿಡುತ್ತೇನೆ. ಅದನ್ನು ಫೋನಿನಲ್ಲಿಯೂ ಕೇಳಬಹುದು. ಅದರ ಜೊತೆಗೆ ಮುಂದಿನ ಒಂದೇ ಕೆಲಸವನ್ನು ಹೇಳುವ ಚೀಟಿಯಂಥ ಒಂದು ಟೆಕ್ಸ್ಟ್ ಫೈಲ್ ಇರುತ್ತದೆ.

ಆ ದಿನ 'ಹೊಸದು 7' ಅನ್ನು ಲೂಪಿನಲ್ಲಿಟ್ಟು ಗುನುಗಿದಾಗ ಬಾಯಿಗೆ ಬಂದ ಮಾತು 'ಇನ್ನೊಂದೇ ಸಲ'. ಈಗ ಅದರ ಹೆಸರು ಅದೇ. ಅದು 'ರಚನೆ ಬೇಕು' ಫೋಲ್ಡರಿನಲ್ಲಿದೆ, ಚೀಟಿಯಲ್ಲಿ "ಮೂರನೆಯ ಬಾರ್‌ನ ತಡೆ ಹಾಗೆಯೇ ಇರಲಿ, ಎರಡನೆಯ ಸುತ್ತಿನಲ್ಲಿ ಕಿಕ್ ತೆಗೆದು ಕೇಳು" ಎಂದು ಬರೆದಿಟ್ಟಿದ್ದೇನೆ.